ಒಂದೂವರೆ ದಿನದ ಒಡತಿ

ನಮ್ಮ ಭೂದಾಖಲೆ ಕಚೇರಿಯ ವ್ಯಾಪ್ತಿಗೆ ನಲವತ್ತೊಂದು ಹಳ್ಳಿಗಳು ಸೇರಿದ್ದು, ಅವುಗಳಲ್ಲಿ ಹೊಲದಲ್ಲಿ ದುಡಿಯುವ ಹೆಂಗಸರ ಸಂಖ್ಯೆ ಆರು ಸಾವಿರದ ಇನ್ನೂರು. ಹೊಲದ ಒಡೆತನವಿರುವ ಹೆಂಗಸರ ಸಂಖ್ಯೆ ಈಚಿನವರೆಗೂ ಸೊನ್ನೆ. ಎರಡೂ ಅಂಕಿಗಳನ್ನು ನಾನೇ ಖುದ್ದಾಗಿ ತಾಳೆ ನೋಡಿದ್ದೇನೆ. ಹದಿನೆಂಟು ವರ್ಷದಿಂದ ನಾನು ಇಲ್ಲಿಯ ಗುಮಾಸ್ತ. ಆದ್ದರಿಂದ ತಪ್ಪಿರುವ ಪ್ರಶ್ನೆಯೇ ಇಲ್ಲ.

ಆ ಆರು ಸಾವಿರದ ಇನ್ನೂರರಲ್ಲಿ ಒಬ್ಬಳ ಮುಖಪರಿಚಯ ಮಾತ್ರ ನಮಗೆ ಚೆನ್ನಾಗಿತ್ತು. ಊರವರು ಅವಳನ್ನು ಈರುಳ್ಳಿಯಕ್ಕ ಎನ್ನುತ್ತಾರೆ. ಗಂಡನ ಹೆಸರಿನಲ್ಲಿದ್ದ ಎರಡೆಕರೆಯಲ್ಲಿ ಇಪ್ಪತ್ತು ವರ್ಷದಿಂದ ಈರುಳ್ಳಿ ಬೆಳೆಯುತ್ತಿದ್ದವಳು ಅವಳೇ. ಗಂಡ ಆ ಹೊಲಕ್ಕೆ ಎರಡು ಸಲ ಕಾಲಿಟ್ಟಿದ್ದನಂತೆ. ಒಮ್ಮೆ ಅಳತೆಯ ದಿನ, ಇನ್ನೊಮ್ಮೆ ತಪ್ಪಿಸಿಕೊಂಡ ಮೇಕೆಯನ್ನು ಹುಡುಕಲು. ಒಳ್ಳೆಯ ಮನುಷ್ಯ, ಯಾರಿಗೂ ಇಲ್ಲ ಎನ್ನುವವನಲ್ಲ. ಹೊಲವನ್ನು ಇಟ್ಟಿಗೆ ಭಟ್ಟಿಯವನಿಗೆ ಮಾರಿಬಿಡೋಣ ಎಂದು ಕಡೆಗೆ ಒಂದು ದಿನ ತಮ್ಮ ಹೇಳಿದಾಗ ಅದಕ್ಕೂ ಹೂಂ ಎಂದಿದ್ದ. ಭಟ್ಟಿಯವನು ಮಣ್ಣನ್ನು ಆಳುದ್ದ ಅಗೆದು ಒಯ್ಯುತ್ತಾನೆ. ಆಮೇಲೆ ಅಲ್ಲಿ ಬೆಳೆಯುವುದು ಕಪ್ಪೆಗಳು ಮಾತ್ರ.

ಹೀಗಾದೀತೆಂದು ಮೊದಲೇ ಹೆದರಿ, ತನ್ನ ರುಜುವಿಲ್ಲದೆ ಹೊಲ ಮಾರಬಾರದು, ದಾಖಲೆಯಲ್ಲಿ ತನ್ನ ಹೆಸರೂ ಸೇರಬೇಕು ಎಂದು ಈರುಳ್ಳಿಯಕ್ಕ ಹನ್ನೊಂದು ವರ್ಷದಲ್ಲಿ ಏಳು ಅರ್ಜಿ ಕೊಟ್ಟಳು. ಏಳನ್ನೂ ನಾವು ಕ್ರಮಬದ್ಧವಾಗಿ ತಿರಸ್ಕರಿಸಿದೆವು.

"ನೀವು ರೈತರು ಅನ್ನೋದಕ್ಕೆ ಪುರಾವೆ ಎಲ್ಲಿದೆಯಮ್ಮ?" ಎಂದು ನಾನು ಕೇಳಿದ್ದೆ.

ಅವಳು ಎರಡೂ ಅಂಗೈಗಳನ್ನು ನನ್ನ ಮೇಜಿನ ಮೇಲೆ ಚಾಚಿದಳು.

"ಅಂಗೈಗೆ ಮೊಹರು ಒತ್ತೋಕಾಗಲ್ಲ. ರೈತರ ಪತ್ರ ಬೇಕು."

"ಅದನ್ನ ಯಾರು ಕೊಡ್ತಾರೆ?"

"ನಾವೇ. ಭೂಮಿ ಇದ್ದೋರಿಗೆ."

"ಭೂಮಿ ಹೆಸರಿಗೆ ಬರ್ಬೇಕಂದ್ರೆ?"

"ರೈತರಾಗಿರಬೇಕು."

ನಿಯಮ ಇಷ್ಟು ಸರಳವಾಗಿದ್ದರೂ ಅವಳಿಗೆ ತಿಳಿಯಲಿಲ್ಲವಲ್ಲ ಎಂದು ನನಗೆ ಬೇಸರವಾಗಿತ್ತು.

ಹೀಗಿರಲು ಮೇಲಿನಿಂದ ಒಂದು ಸುತ್ತೋಲೆ ಬಂತು: "ಪ್ರತಿ ಕಚೇರಿಯೂ ಬರುವ ಶನಿವಾರ ಕನಿಷ್ಠ ಒಬ್ಬ ಭೂ ಒಡತಿಯನ್ನು ಗೌರವಿಸತಕ್ಕದ್ದು. ಒಡತಿ ಲಭ್ಯವಿಲ್ಲದ ಕಚೇರಿಯ ಅಧಿಕಾರಿಗೆ ಬಡ್ತಿ ಲಭ್ಯವಿರುವುದಿಲ್ಲ."

ನಮ್ಮ ಸಾಹೇಬರ ಬಡ್ತಿ ಬಾಗಿಲಿಗೆ ಬಂದು ನಿಂತಿತ್ತು. ಮೂರು ದಿನ ಬೀರುಗಳನ್ನೆಲ್ಲ ಜಾಲಾಡಿಸಿದರು. ಗೆದ್ದಲು ತಿಂದ ಹಳೆಯ ಪುಸ್ತಕವೊಂದರಲ್ಲಿ ಒಬ್ಬ ಒಡತಿ ಸಿಕ್ಕಳು. ವಿಚಾರಿಸಲಾಗಿ, ಅವಳು ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು.

"ಹೇಗಾದ್ರೂ ಮಾಡಿ ಕರೆಸೋಕಾಗಲ್ವೇನ್ರೀ?" ಎಂದರು ಸಾಹೇಬರು.

"ಕಷ್ಟ ಸಾರ್."

ಗುರುವಾರ ಸಂಜೆ ಸಾಹೇಬರಿಗೆ ದಾರಿ ಹೊಳೆಯಿತು. ಅದರ ಹೆಸರು "ಸಮಾರಂಭ ನಿಮಿತ್ತ ಒಡೆತನ". ಭೂಮಿ ಶುಕ್ರವಾರ ಬೆಳಿಗ್ಗೆ ಹೆಂಡತಿಯ ಹೆಸರಿಗೆ ಹೋಗುವುದು, ಶನಿವಾರ ಸಂಜೆಯವರೆಗೆ ಇರುವುದು, ಸೋಮವಾರ ವಾಪಸ್ ಬರುವುದು. ಈರುಳ್ಳಿಯಕ್ಕನ ಗಂಡನನ್ನೂ ಅವನ ತಮ್ಮನನ್ನೂ ಕರೆಸಿದೆವು.

"ಪೇಪರಲ್ಲಿ ಫೋಟೋ ಬರುತ್ತೆ. 'ಒಡತಿಯ ಪತಿ' ಅಂತ ನಿಮಗೆ ಮೊದಲ ಸಾಲಲ್ಲಿ ಕುರ್ಚಿ," ಎಂದರು ಸಾಹೇಬರು.

"ಕೈ ಇರೋ ಕುರ್ಚಿನಾ?" ಎಂದು ಗಂಡ ಕೇಳಿದ.

"ಕೈ ಇರೋದೇ."

"ಸೋಮವಾರ ವಾಪಸ್ ತಾನೆ?" ಎಂದ ತಮ್ಮ.

"ಬಂದು ಒಂದು ಅರ್ಜಿ ಕೊಡಿ, ಅಷ್ಟೆ."

ಅರ್ಜಿ ಎಂಬ ಮಾತು ಕೇಳಿಯೂ ಅವರಿಬ್ಬರು ಬೆಚ್ಚಲಿಲ್ಲ. ಅವರು ಹಿಂದೆಂದೂ ಈ ಕಚೇರಿಯ ಮೆಟ್ಟಿಲು ಹತ್ತಿರಲಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು. ಗಂಡ ರುಜು ಹಾಕಿದ. ಹನ್ನೊಂದು ವರ್ಷದ ಏಳು ಆಕ್ಷೇಪಣೆಗಳು ನಲವತ್ತು ನಿಮಿಷದಲ್ಲಿ ತೀರಿದವು. ಅದರಲ್ಲೂ ಹತ್ತು ನಿಮಿಷ ಮೊಹರು ಹುಡುಕುವುದಕ್ಕೆ ಹೋಯಿತು.

ಈರುಳ್ಳಿಯಕ್ಕ ಪತ್ರವನ್ನು ಎರಡು ಸಲ ಓದಿದಳು. "ಒಂದೂವರೆ ದಿನ ಅಂತ ಇದರಲ್ಲಿ ಎಲ್ಲೂ ಬರ್ದಿಲ್ವಲ್ಲ?"

"ನಮೂನೇಲಿ ಅದಕ್ಕೆ ಕಾಲಂ ಇಲ್ಲಮ್ಮ."

"ಹಾಗಾದ್ರೆ ಬಿಡಿ, ಪಾಪ," ಎಂದು ಪತ್ರವನ್ನು ಮಡಿಚಿ ಚೀಲದೊಳಗಿಟ್ಟುಕೊಂಡಳು.

ಶನಿವಾರ ಸಾಹೇಬರು ಮಣ್ಣು ಮತ್ತು ಮಹಿಳೆಯ ಬಗ್ಗೆ ಒಂದೂವರೆ ಗಂಟೆ ಮಾತಾಡಿದರು. ಈರುಳ್ಳಿಯಕ್ಕ, "ನೀರು ಕಟ್ಟೋ ಹೊತ್ತಾಯ್ತು, ಬರ್ತೀನಿ" ಎಂದು ಇಳಿದುಹೋದಳು. ಎರಡನೆಯ ಭಾಷಣಕ್ಕೇ ಚಪ್ಪಾಳೆ ಹೆಚ್ಚು ಬಿತ್ತು.

ಸೋಮವಾರ ಗಂಡ, ತಮ್ಮ, ಭಟ್ಟಿಯವನು ಮೂವರೂ ಬಂದರು. ಬಡ್ತಿಯ ಆದೇಶ ಕೈಗೆ ಬಂದಿದ್ದ ಸಾಹೇಬರು ನಗುನಗುತ್ತಾ ಅವರನ್ನು ನನ್ನ ಮೇಜಿಗೆ ಸಾಗಹಾಕಿದರು. ನಾನು ಕರ್ತವ್ಯ ಮಾಡಿದೆ.

"ನೀವು ರೈತರು ಅನ್ನೋದಕ್ಕೆ ಪುರಾವೆ?"

"ಅಯ್ಯೋ, ಅದು ನನ್ನ ಹೊಲಾನೇ ಅಲ್ವಾ?"

"ಗುರುವಾರದವರೆಗೆ. ಈಗ ದಾಖಲೆ ಪ್ರಕಾರ ನೀವು ಭೂರಹಿತರು."

ಅವನು ಕೈ ಇಲ್ಲದ ಕುರ್ಚಿಯೊಂದನ್ನು ಎಳೆದುಕೊಂಡು ಕುಳಿತ. ಮನಸ್ಸು ಕರಗಿ ನಾನು ನಿಯಮಾವಳಿ ತೆರೆದು ದಾರಿ ತೋರಿಸಿದೆ. ಭೂರಹಿತನು ಒಂದೇ ಹೊಲದಲ್ಲಿ ಮೂರು ಬೆಳೆ ದುಡಿದು, ಪ್ರತಿ ಬೆಳೆಗೂ ಹೊಲದ ಒಡೆಯರಿಂದ ದೃಢೀಕರಣ ತಂದರೆ ರೈತನೆನಿಸಿಕೊಳ್ಳುತ್ತಾನೆ. ಹೆಂಡತಿ ಗಂಡನ ಹೊಲದಲ್ಲಿ ದುಡಿದರೆ ನಿಯಮ ಅದನ್ನು ಮನೆಗೆಲಸವೆಂದು ತಳ್ಳಿಹಾಕುತ್ತದೆ. ಗಂಡ ಹೆಂಡತಿಯ ಹೊಲದಲ್ಲಿ ದುಡಿದರೆ ಏನು ಎಂದು ಮಾತ್ರ ಹೇಳುವುದಿಲ್ಲ. ನಿಯಮ ಬರೆದವರಿಗೆ ಅಂಥದ್ದು ಕನಸಿನಲ್ಲೂ ಹೊಳೆದಿರಲಿಲ್ಲ.

"ದೃಢೀಕರಣಕ್ಕೆ ಒಡತೀನ ಎಲ್ಲಿ ಹುಡುಕ್ಲಿ?"

"ನಿಮ್ಮ ಮನೇಲೇ ಇರ್ತಾರೆ. ಬೆಳಿಗ್ಗೆ ಬೇಗ ಎದ್ರೆ ಸಿಗ್ತಾರೆ."

"ಮೂರು ಬೆಳೆ ತಾನೆ ಅಣ್ಣ, ಮಾಡಿಬಿಡು," ಎಂದು ತಮ್ಮ ಬಸ್ಸು ಹತ್ತಿದ. ಭಟ್ಟಿಯವನು ಬೇರೆ ಮಣ್ಣು ನೋಡಿಕೊಂಡ.

ಒಂದು ವರ್ಷದ ನಂತರ ನಾನು ಸ್ಥಳ ಪರಿಶೀಲನೆಗೆ ಹೋದೆ. ಹೊಲ ಹಸಿರಾಗಿತ್ತು. ಗಂಡನ ಹೊಟ್ಟೆ ಕರಗಿತ್ತು. ಈರುಳ್ಳಿಯಕ್ಕ ಬದುವಿನ ಮೇಲೆ ಕೂತು ಎರಡನೇ ಬೆಳೆಯ ದೃಢೀಕರಣ ನಮೂನೆ ತುಂಬಿ ನನಗೆ ಕೊಟ್ಟಳು. ಅದರಲ್ಲಿ ಹೀಗಿತ್ತು: "ಸಾಲು ಸೊಟ್ಟ. ಕಳೆ ಉಳಿದಿದೆ. ಈ ಬೆಳೆಯನ್ನು ಪರಿಗಣಿಸಲಾಗದು. ಮುಂದಿನ ಬೆಳೆಗೆ ಹೊಸದಾಗಿ ಪ್ರಯತ್ನಿಸಬಹುದು." ಒಂದಕ್ಷರ ತಿದ್ದುವಂತಿರಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಯಾವ ಕಡತ ನೋಡಿಯೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಗಂಡ ಸಾಲಿನ ನಡುವಿಂದ ಸೊಂಟ ಹಿಡಿದುಕೊಂಡು ಎದ್ದ. "ಈ ಸಲಾನೂ ಹೋಯ್ತಾ?"

"ಹೋಯ್ತು. ಬೇಜಾರಾ?" ಎಂದೆ ನಾನು.

"ಬೇಜಾರೇನು! ಹೋದ ಸಲಕ್ಕಿಂತ ಪರವಾಗಿಲ್ಲ ಅಂದ್ಲು," ಎಂದು ಅವನು ಎದೆಯುಬ್ಬಿಸಿದ. ಮರುಕ್ಷಣವೇ ಗಾಬರಿಯಿಂದ ನನ್ನ ಪಾದ ನೋಡಿದ. "ಸ್ವಾಮಿ, ಒಂಚೂರು ಆಚೆ ನಿಲ್ಲಿ. ಸಸಿ ಮೇಲೆ ನಿಂತಿದ್ದೀರಿ. ಒಡತಿ ನೋಡಿದ್ರೆ ಇಬ್ರಿಗೂ ಕಷ್ಟ."

ನಾನು ಚಪ್ಪಲಿ ಕೈಗೆತ್ತಿಕೊಂಡು, ಅವಳ ಕಡೆ ತಿರುಗಿ ತಪ್ಪಾಯಿತೆಂದು ಹೇಳಿ, ಬದು ಹತ್ತಿದೆ.