ನೂರೆಂಟನೆಯ ಹೂಬತ್ತಿ

ಹೂಬತ್ತಿ ಮಾಡುವಾಗ ಮನಸ್ಸಿನಲ್ಲಿ ದೇವರ ನಾಮ ಇರಬೇಕೆಂದು ನಮ್ಮಮ್ಮ ಹೇಳಿಕೊಟ್ಟಿದ್ದರು. ನನ್ನ ಮನಸ್ಸಿನಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಸಾರು ಇರುತ್ತದೆ. ಆ ಶನಿವಾರವೂ ಹಾಗೇ. ತಲೆಗೆ ಎಣ್ಣೆ ಒತ್ತಿಕೊಂಡು, ಕಡಿಯುತ್ತಿದ್ದ ಎಡಗಿವಿಗೂ ಎರಡು ತೊಟ್ಟು ಬಿಟ್ಟುಕೊಂಡು, ಅದು ಇಳಿಯುವವರೆಗೆ ಸುಮ್ಮನೆ ಕೂರುವುದೇಕೆಂದು ಅಮೆರಿಕದ ಡುಲುತ್‌ನ ನಮ್ಮ ಅಡುಗೆಮನೆಯಲ್ಲಿ ಹತ್ತಿ ಬಿಡಿಸುತ್ತಿದ್ದೆ. ಶುಕ್ರವಾರದ ಪೂಜೆಗೆ ನೂರೆಂಟು ಹೂಬತ್ತಿ ನನ್ನ ಪಾಲಿನ ಸೇವೆ. ಬೆರಳಿಗೆ ಚೂರು ಹಾಲು ತಾಗಿಸಿಕೊಂಡು ತುದಿ ತಿರುವಿದರೆ ಬತ್ತಿ ಮೊಗ್ಗಿನ ಹಾಗೆ ನಿಲ್ಲುತ್ತದೆ. ನೂರೆಂಟನ್ನೂ ಎಣಿಸಿ ತಟ್ಟೆಗಿಟ್ಟು, ಮೇಜಿನ ಮೇಲೆ ಉದುರಿದ್ದ ಹತ್ತಿ ಆರಿಸುತ್ತಿದ್ದಾಗ ಫೋನ್ ಬಂತು.

ಕೈಯೆಲ್ಲ ಎಣ್ಣೆ. ಮಗಳು ಸಹನಾ ಕೊಡಿಸಿದ್ದ ಇಯರ್‌ಬಡ್‌ಗಳನ್ನು ಎರಡೂ ಕಿವಿಗೆ ಸಿಕ್ಕಿಸಿಕೊಂಡೆ. ಎಡಗಡೆಯದು ಸರಿಯಾಗಿ ಕೂರಲಿಲ್ಲ. ಒತ್ತಿದೆ. ಇನ್ನೂ ಸ್ವಲ್ಪ ಒತ್ತಿದೆ. ಆ ಕಡೆ ಪಕ್ಕದೂರು ನಾರ್‌ಕ್ರಾಸ್‌ನ ವತ್ಸಲಾ ಆಂಟಿ. ಪ್ರತಿ ಶುಕ್ರವಾರ ಅವರ ಮನೆಯಲ್ಲೇ ನಮ್ಮ ಹೆಂಗಸರ ಸಹಸ್ರನಾಮ.

"ಸುಧಾ, ನಂಗೆ ಗಂಟಲು ಕೂತ್ಬಿಟ್ಟಿದೆ ಕಣಮ್ಮ. ಈ ಶುಕ್ರವಾರ ನೀನೇ ಹೇಳಿಸ್ಬೇಕು."

ಕೊರೋನಾ ಕಾಲದಲ್ಲಿ ಕಂಪ್ಯೂಟರಿನೆದುರು ಮ್ಯೂಟ್ ಆಗಿ ಕೂತು ಈ ಗುಂಪಿಗೆ ಸೇರಿದವಳು ನಾನು. ಆಮೇಲೆ ಎಲ್ಲರೂ ಮುಖ ನೋಡಿಕೊಂಡು ಕೂರುವಂತಾದಾಗಲೂ ನನ್ನ ಜಾಗ ಹಿಂದಿನ ಸಾಲು. ಮುಂದೆ ಕೂತು ಹೇಳಿಸುವ ಆಸೆ ನನಗಿರಲಿಲ್ಲವೆಂದರೆ ದೇವಿ ಮೆಚ್ಚುವುದಿಲ್ಲ. "ಅಯ್ಯೋ, ನಂಗೇನ್ ಬರತ್ತೆ ಆಂಟಿ" ಎಂದು ಎರಡು ಸಲ ಅಂದೆ. ಮೂರನೆಯ ಸಲ ಅನ್ನಲಿಲ್ಲ. ಅವರು ಒಪ್ಪಿಬಿಟ್ಟರೆ ಕಷ್ಟ.

ಸ್ನಾನ ಮಾಡಿ ಬರುವಷ್ಟರಲ್ಲಿ ಎಡಗಿವಿ ಮುಚ್ಚಿಹೋಗಿತ್ತು. ಅಹಂಕಾರಕ್ಕೆ ಇಷ್ಟು ಬೇಗ ಶಿಕ್ಷೆಯೇ ಎಂದು ಕೈಮುಗಿದೆ. ಬಲಗಿವಿಯನ್ನು ಉಳಿಸಿದ್ದಕ್ಕೆ ಇನ್ನೊಮ್ಮೆ ಮುಗಿದೆ. ಹಬೆ ತೆಗೆದುಕೊಂಡೆ, ತಲೆ ಓರೆ ಮಾಡಿ ಒಂಟಿ ಕಾಲಲ್ಲಿ ಕುಪ್ಪಳಿಸಿದೆ, ಗುಗ್ಗೆ ಕರಗಲೆಂದು ಹೊತ್ತಿಗೆರಡು ತೊಟ್ಟಿನಂತೆ ಬೆಚ್ಚಗಿನ ಎಣ್ಣೆ ಬಿಟ್ಟೆ. ಬಿಟ್ಟ ಎಣ್ಣೆ ಎಲ್ಲಿಗೆ ಹೋಗುತ್ತಿತ್ತೋ, ಹೊರಗಂತೂ ಬರಲಿಲ್ಲ. ಒಂದು ಕಿವಿ ಮುಚ್ಚಿದರೆ ನಮ್ಮ ಧ್ವನಿ ನಮಗೇ ಹಂಡೆಯೊಳಗಿಂದ ಬಂದಂತೆ ಮೊಳಗುತ್ತದೆ. ಕಿರುಚುತ್ತಿದ್ದೇನೆಂದುಕೊಂಡು ನಾನು ದನಿ ಇಳಿಸಿದೆ. ಐದು ದಿನ ಮನೆ ತಣ್ಣಗಿತ್ತು.

"ಅಮ್ಮಾ, ಯೂ ಆರ್ ವಿಸ್ಪರಿಂಗ್. ಐ ಲೈಕ್ ಇಟ್" ಎಂದಳು ಸಹನಾ.

"ಕಿವಿ ಹಾಗೇ ಇರ್ಲಿ ಬಿಡೇ, ಅದಕ್ಯಾಕೆ ಅವಸರ" ಎಂದರು ನಮ್ಮ ಮನೆಯವರು.

ಸೋಮವಾರ ಬತ್ತಿಗಳನ್ನು ತುಪ್ಪದಲ್ಲಿ ನೆನೆಸೋಣವೆಂದು ಮತ್ತೆ ಎಣಿಸಿದರೆ ನೂರೇಳು. ಮೂರು ಸಲ ಎಣಿಸಿದರೂ ನೂರೇಳೇ. ಮನೆಯಲ್ಲಿ ಕನ್ನಡಕ ಹಾಕುವವರು ಒಬ್ಬರೇ.

"ಏನ್ರೀ, ನನ್ ಬತ್ತೀಲಿ ಕನ್ನಡಕ ಒರೆಸ್ಕೊಂಡ್ರಾ?"

"ನಾನು ಮುಟ್ಟಿಲ್ಲ ಕಣೇ."

"ದೇವರದ್ದು ರೀ ಅದು. ತಗೊಂಡಿದ್ರೆ ತಗೊಂಡೆ ಅನ್ನಿ."

"ತಗೊಂಡಿಲ್ವೇ. ಎಷ್ಟ್ ಸಲ ಹೇಳ್ಲಿ?"

ಇನ್ನೊಂದು ಬತ್ತಿ ಮಾಡುವುದು ಅರೆ ನಿಮಿಷದ ಕೆಲಸ. ಆದರೆ ನ್ಯಾಯ ಎಂಬುದೊಂದಿದೆ. ಅವರು ಒಪ್ಪಿಕೊಳ್ಳಲಿ, ಆಮೇಲೆ ಮಾಡುತ್ತೇನೆಂದು ತಟ್ಟೆಯನ್ನು ಅವರ ಕಣ್ಣಿಗೆ ಬೀಳುವ ಹಾಗೆ ಊಟದ ಮೇಜಿನ ಮೇಲೆಯೇ ಇಟ್ಟೆ. ಅವರು ದಿನಾ ಅದರ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ನೆಮ್ಮದಿಯಾಗಿ ಉಂಡರು. ಪಾಪಪ್ರಜ್ಞೆ ಎಂಬುದೇ ಇಲ್ಲವಲ್ಲ ಎಂದುಕೊಂಡೆ.

ಬುಧವಾರ ವತ್ಸಲಾ ಆಂಟಿಗೆ ಫೋನಿನಲ್ಲಿ ಹತ್ತು ಶ್ಲೋಕ ಹೇಳಿ ತೋರಿಸಿದೆ. ನನ್ನ ತಲೆಯೊಳಗೆ ಗುಡಿಯ ಗಂಟೆ ಬಾರಿಸಿದಂತಿತ್ತು.

"ಏನಮ್ಮಾ ಇದು, ದೇವಿಗೆ ಗುಟ್ಟು ಹೇಳ್ತಿದ್ದೀಯಾ? ಎದುರಿಗೆ ಕೂತೋರಿಗೂ ಕೇಳ್ಸಲ್ಲ. ನಾಡಿದ್ದಕ್ಕೆ ಸರಿಹೋಗ್ಲಿಲ್ಲ ಅಂದ್ರೆ ರೆಕಾರ್ಡಿಂಗ್ ಹಾಕ್ಕೊಳ್ಳೋಣ ಬಿಡು."

ಬೇರೆ ಯಾರಾದರೂ ಹೇಳಿಸುತ್ತಾರೆಂದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಯಂತ್ರಕ್ಕೆ ಸೋಲುವುದು ಆಗಲಿಲ್ಲ. ಗುರುವಾರ ಬೆಳಗ್ಗೆಯೇ ಅರ್ಜೆಂಟ್ ಕೇರ್ ಕ್ಲಿನಿಕ್ಕಿಗೆ ಹೊರಟೆ. ಮನೆಯವರೇ ಡ್ರೈವ್ ಮಾಡಿದರು. ದಾರಿಯುದ್ದಕ್ಕೂ ನಾನು ಬತ್ತಿಯ ವಿಷಯ ತೆಗೆಯಲಿಲ್ಲ. ಅದು ನನ್ನ ದೊಡ್ಡ ಗುಣವೆಂದೇ ಅಂದುಕೊಂಡಿದ್ದೆ.

ಅಲ್ಲಿದ್ದ ನರ್ಸಮ್ಮ ದೊಡ್ಡ ಮೈಯವರು, ಬೆಣ್ಣೆಯಂಥ ಮಾತಿನವರು. ಕಿವಿಗೆ ದೀಪ ಬಿಟ್ಟು ನೋಡಿ, ಹುಬ್ಬೇರಿಸಿ, ಸಣ್ಣ ಚಿಮುಟದಲ್ಲಿ ಮೆಲ್ಲಗೆ ಎಳೆದರು. ಬುಳಕ್ಕೆಂದಿತು. ಎ.ಸಿ.ಯ ಸದ್ದು, ಕಾಗದದ ಸರಪರ, ಹೊರಗೆ ಯಾರದೋ ಕೆಮ್ಮು, ಎಲ್ಲವೂ ಒಟ್ಟಿಗೆ ಒಳಗೆ ನುಗ್ಗಿದವು. ಆ ಕೆಮ್ಮಿಗೂ ಕೈಮುಗಿಯಬೇಕೆನಿಸಿತು. ಆಮೇಲೆ ಅವರ ಅಂಗೈಯತ್ತ ನೋಡಿದೆ. ಬುಡ ಅಗಲ, ತುದಿ ಚೂಪು. ಐದು ದಿನದ ಎಣ್ಣೆ ಕುಡಿದು ಚೆನ್ನಾಗಿ ನೆಂದ ಹೂಬತ್ತಿ.

ಆಗ ನೆನಪಾಯಿತು. ಅಂದು ಬತ್ತಿ ಎಣಿಸಿಟ್ಟ ಮೇಲೆ ಎಣ್ಣೆ ಕಿವಿಯಿಂದ ಕೆನ್ನೆಗೆ ಇಳಿಯುತ್ತಿತ್ತು. ಕಿವಿಗೆ ಹತ್ತಿ ಇಡುವುದು ಅಮ್ಮನ ಕಾಲದಿಂದಲೂ ಬಂದ ಕ್ರಮ. ತಟ್ಟೆ ಕೈಗೆ ಹತ್ತಿರವಿತ್ತು, ಒಂದನ್ನೆತ್ತಿ ಇಟ್ಟುಕೊಂಡಿದ್ದೆ. ಮಿಕ್ಕ ಕೆಲಸವನ್ನು ಇಯರ್‌ಬಡ್ ಮಾಡಿತ್ತು.

ಇದೇನೆಂದು ನರ್ಸಮ್ಮ ಕೇಳಿದರು. ಮುಚ್ಚಿಡುವುದೇಕೆಂದು, ದೇವರ ಮುಂದೆ ಎಣ್ಣೆಯಲ್ಲಿ ನೆನೆಸಿ ಹಚ್ಚುವ ಬತ್ತಿ ಎಂದೆ. ಅವರ ಮುಖ ಗಂಭೀರವಾಯಿತು. ಕಿವಿಗೆ ಮೇಣದ ಬತ್ತಿ ಸಿಕ್ಕಿಸಿ ಹೊತ್ತಿಸಿಕೊಳ್ಳುವ ಹುಚ್ಚು ಈ ದೇಶದಲ್ಲಿ ಕೆಲವರಿಗೆ ಉಂಟಂತೆ. ನಾನೂ ಅದೇ ಪಂಥದವಳೆಂದು ತಿಳಿದರು. ಅಲ್ಲವೆಂದು ಎಷ್ಟು ಹೇಳಿದರೂ ತಲೆದೂಗುತ್ತಲೇ, ಮನೆಗೆ ಕೊಟ್ಟ ಹಾಳೆಯಲ್ಲಿ ಕಿವಿಯೊಳಗೆ ಏನನ್ನೂ ಹೊತ್ತಿಸಬಾರದು ಎಂದು ಬರೆದು, ಅಡಿಗೆರೆ ಎಳೆದರು. ಬತ್ತಿ, ಎಣ್ಣೆ ಎರಡೂ ಇದ್ದವು, ಬೆಂಕಿಕಡ್ಡಿಯೊಂದೇ ಕಡಿಮೆಯಿದ್ದದ್ದು ನಿಜ.

ಆ ಹಾಳೆಯನ್ನು ಮನೆಯವರು ಕಾರಿನಲ್ಲಿ ಕೂತು ಎರಡು ಸಲ ಓದಿದರು. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ನಿಧಾನವಾಗಿ ಒರೆಸಿಕೊಂಡು, ಮತ್ತೆ ಹಾಕಿಕೊಂಡರು.

ಮನೆಗೆ ಬಂದವಳೇ ವತ್ಸಲಾ ಆಂಟಿಗೆ ಫೋನ್ ಮಾಡಿ ಮೊದಲ ಶ್ಲೋಕ ಹೇಳಿದೆ. "ಸಾಕಮ್ಮ, ಸ್ವಲ್ಪ ಮೆಲ್ಲಗೆ" ಎಂದರು. ಸಹನಾ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಊಟದ ಮೇಜಿನ ಮುಂದೆ ಕೂತು ಹತ್ತಿಯ ಉಂಡೆ ತೆಗೆದೆ. ಹಜಾರದ ಆ ತುದಿಯಿಂದ ಮನೆಯವರು ಗೋಡೆಗೆ ಹೇಳುವಂತೆ, ಬಹಳ ಮೆಲ್ಲಗೆ, "ನಾನು ತಗೊಂಡಿಲ್ಲ ಅಂತ ಅವತ್ತೇ ಹೇಳಿದ್ದೆ" ಎಂದರು.

ಎಡಗಿವಿಗೆ ಒಂದಕ್ಷರವೂ ಬಿಡದೆ ಕೇಳಿಸಿತು. ದೇವರು ದೊಡ್ಡವನು. ಕೇಳಿಸದವಳಂತೆ ಬೆರಳಿಗೆ ಹಾಲು ತಾಗಿಸಿಕೊಂಡು ನೂರೆಂಟನೆಯದರ ತುದಿ ತಿರುವತೊಡಗಿದೆ.