ಉಳಿದ ಕಾಲನ್ನು ಎಲ್ಲಿಗೆ ಕಟ್ಟೂದು?

ಹೊನ್ನಾವರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟು ಕೂತವನಿಗೆ ದಿನಕ್ಕೊಬ್ಬರಾದರೂ ಬಂದು ಬುದ್ಧಿ ಹೇಳಿ ಹೋಗುತ್ತಾರೆ. ಹೆಚ್ಚಿನದು ಕೆಲಸಕ್ಕೆ ಬಾರದ್ದು. ಆದರೆ ಮೀನು ಮಾರುವ ಅಕ್ಕ ಹೇಳಿದ್ದಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಅಕ್ಕನ ಗಂಡ ತಾಂಡೇಲ, ಅಂದರೆ ಬೋಟು ನಡೆಸುವವನು. ಅವನ ಬೋಟು ಒಮ್ಮೆ ಭಟ್ಕಳಕ್ಕೆ ಬರುತ್ತದೆ, ಒಮ್ಮೆ ಹೊನ್ನಾವರಕ್ಕೆ, ಒಮ್ಮೆ ಕುಮಟೆಗೆ. ಅಕ್ಕ ಬುಟ್ಟಿ ಹಿಡಿದು ಭಟ್ಕಳದ ಬಸ್ ಹತ್ತಿದ ದಿನವೇ ಅದು ಕುಮಟೆಯಲ್ಲಿ! ಸಮುದ್ರದಲ್ಲಿ ಮೊಬೈಲ್ ಸಿಗುವುದಿಲ್ಲ, ಬೋಟಿನವರು ವಯರ್‌ಲೆಸ್ಸಿನಲ್ಲಿ ಮಾತಾಡಿಕೊಳ್ಳುತ್ತಾರೆ.

"ತಮಾ, ಅದನ್ನ ಕೇಳೂಕೆ ಒಂದು ಪೆಟ್ಟಿಗೆ ಮಾಡ್ಕೊಡು," ಅಂದಳು. "ಗುರುವಾರ ಮುರ್ಡೇಶ್ವರದಲ್ಲಿ ಬೀಗರೂಟ, ಇಸ್ವಾಣ ಮೀನು ನಾನೇ ಕೊಡ್ತೆ ಅಂತ ಒಪ್ಕಂಡಿದ್ದೆ. ಮೀನು ತಪ್ಪಿದ್ರೆ ಇನ್ನು ಯಾರೂ ನನ್ನ ನಂಬೂದಿಲ್ಲ."

೧. ಬಿಗಿದೆ

ನನಗೆ ಮೊದಲೇ ಹುಚ್ಚು. ಬೋಟು, ವಿಮಾನ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಕೇಳಬೇಕು ಅಂತ ವೈಡ್‌ಬ್ಯಾಂಡ್ ಮಿಕ್ಸರ್ ಚಿಪ್ ಎರಡು ತರಿಸಿದೆ. ಬಂದ ಅಲೆಯನ್ನು ಇನ್ನೊಂದು ಅಲೆಯ ಜತೆ ಕೂಡಿಸಿ ರೇಡಿಯೋಕ್ಕೆ ದಕ್ಕುವ ಹಾಗೆ ಇಳಿಸುವ ಚಿಪ್ ಅದು, ಉಗುರಿಗಿಂತ ಚಿಕ್ಕದು. ಅಬ್ಬಬ್ಬಾ, ಮಾಡಿದವನ ಕೈಗೆ ಚಿನ್ನದ ಬಳೆ ತೊಡಿಸಬೇಕು! ಆದರೆ ಅಲೆ ಒಳಗೆ ಹೋಗಲು ಅದಕ್ಕೆ ಎರಡು ಕಾಲು. ಒಂದರಲ್ಲಿ ಏರಿದರೆ ಇನ್ನೊಂದರಲ್ಲಿ ಇಳಿಯಬೇಕು. ನನ್ನ ಆಂಟೆನಾದ್ದೋ ಒಂದೇ ತಂತಿ. ಅದನ್ನು ಎರಡಾಗಿಸುವ ಟ್ರಾನ್ಸ್‌ಫಾರ್ಮರ್ ನನ್ನಲ್ಲಿರಲಿಲ್ಲ. ಉಳಿದ ಕಾಲನ್ನು ನೇರ ಗ್ರೌಂಡಿಗೆ ಬೆಸುಗೆ ಹಾಕಿಬಿಟ್ಟೆ. ಆ ಕಾಲಲ್ಲಿ ಸದಾ ಇರಬೇಕಾದ ಸಣ್ಣ ವೋಲ್ಟೇಜ್ ನೆಲ ಸೇರಿತು, ಚಿಪ್ ಕಾದು ಕೆಂಡವಾಯಿತು.

"ಏನಿಲ್ಲ ಅಕ್ಕಾ, ಸ್ವಲ್ಪ ಬಿಸಿ," ಅಂದೆ.

ಅಕ್ಕ ಮೂಸಿ ನೋಡಿದಳು. "ಮೂವತ್ತು ವರ್ಷ ಮೀನು ಕರಿದವಳು ನಾನು. ಬಿಸಿ ಯಾವ್ದು, ಕರಟಿದ್ದು ಯಾವ್ದು ಅಂತ ನಂಗೆ ಹೇಳೂಕೆ ಬರ್ಬೇಡ."

೨. ಬಿಟ್ಟೆ

ಎರಡನೇ ಚಿಪ್ಪಿಗೆ ಆ ಕಾಲಿನ ಸಹವಾಸವೇ ಬೇಡ ಅಂತ ಗಾಳಿಯಲ್ಲಿ ಬಿಟ್ಟೆ. ಪೆಟ್ಟಿಗೆ ಮಾತಾಡಿತು! ಅಕ್ಕ ಖುಷಿಯಿಂದ ಒಯ್ದಳು. ಮರುದಿನ ಖಾಲಿ ಬುಟ್ಟಿ ಹಿಡಿದು ಅಂಗಡಿಗೆ ಬಂದಳು. ಭಟ್ಕಳಕ್ಕೆ ಹೋಗಿದ್ದಳಂತೆ, ಬೋಟು ಕುಮಟೆಗೆ ಬಂದಿತ್ತಂತೆ.

"ಪೆಟ್ಟಿಗೆ ಎಂತ ಹೇಳ್ತು?"

"'ಭಟ್ಕಳದವರಿಗೆ' ಅಂತ ಗಂಡಸಿನ ದನಿ ಬಂತು. ಆಮೇಲೆ ಹಾಡೂಕೆ ಶುರುಮಾಡ್ದ."

ಎಫ್‌ಎಂ! ಜೋಡಿ ತಪ್ಪಿದ ಚಿಪ್ಪಿನಲ್ಲಿ ದೂರದ ಸ್ಟೇಷನ್ನುಗಳೆಲ್ಲ ಒಂದಕ್ಕೊಂದು ಬೆರೆತು ಒಳಗೆ ನುಗ್ಗಿದ್ದವು.

"ಹಾಡು ಕೇಳಿದ ಮೇಲಾದ್ರೂ ಗೊತ್ತಾಗ್ಲಿಲ್ವಾ ಅಕ್ಕಾ?"

"ನನ್ ಗಂಡ ಹಾಡ್ತಾ ಇದ್ದ ಅಂದ್ರೆ ಇವತ್ತು ಭಾರೀ ಮೀನು ಬಿದ್ದದೆ ಅಂದ್ಕಂಡೆ!"

೩. ಗೂಟ

ಬುಧವಾರವಾಯಿತು. ಉಳಿದದ್ದು ಆ ಒಂದೇ ಚಿಪ್. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಅಕ್ಕ "ಎಂತ ಆತು?" ಅಂದಳು. ಎರಡು ಬೆರಳು ಎತ್ತಿ ತೋರಿಸಿ ಎಲ್ಲ ಹೇಳಿದೆ.

"ಇಷ್ಟೇಯಾ! ನನ್ನಪ್ಪ ಕೈರಂಪಣಿ ಬಲೆ ಎಳೀತಿದ್ದ. ದಡದಲ್ಲಿ ಎರಡೂ ತುದಿಗೆ ಜನ ಬೇಕು. ಒಂದು ಕಡೆಗೆ ಜನ ಇಲ್ದಿದ್ರೆ ಆ ತುದಿ ಗೂಟಕ್ಕೆ ಕಟ್ಟೂದು. ಸುಮ್ನೆ ಬಿಟ್ರೆ ಬಲೆ ಕಸ ಕಡ್ಡಿ ಎಲ್ಲ ತುಂಬ್ಕತ್ತದೆ. ಬಿಗಿದ್ರೆ ಹಗ್ಗ ಕಡೀತದೆ. ಕಟ್ಟು, ಆದ್ರೆ ಸ್ವಲ್ಪ ಸಡಿಲ ಇರ್ಲಿ. ಮೀನು ಕಮ್ಮಿ ಬತ್ತದೆ, ಆದ್ರೆ ಬತ್ತದೆ."

ನನಗೆ ಮೈ ಜುಂ ಅಂತು. ಕೆಪಾಸಿಟರ್! ಅಲೆಯನ್ನು ಗ್ರೌಂಡಿಗೆ ಕಟ್ಟುತ್ತದೆ, ನಿಂತ ವೋಲ್ಟೇಜನ್ನು ಅದರ ಪಾಡಿಗೆ ಬಿಡುತ್ತದೆ. ಚಿಪ್ಪಿನ ಜತೆ ಬಂದ ಕಾಗದದಲ್ಲೂ ಅದೇ ಇತ್ತು, ಸಣ್ಣ ಅಕ್ಷರದಲ್ಲಿ. ಹದಿನೈದು ಸಲ ಓದಿದ್ದೆ, ನಾನೆಂಥಾ ಗೂಬೆ!

"ಅಕ್ಕಾ, ನೀ ಇಂಜಿನಿಯರ್ ಆಗ್ಬೇಕಿತ್ತು."

"ಆಗಿದ್ರೆ ಬುಟ್ಟಿ ನೀನು ಹೊರ್ತಿದ್ಯಾ?"

೪. ಗುರುವಾರ

ರಾತ್ರಿಯೇ ಉಳಿದ ಕಾಲನ್ನು ಕೆಪಾಸಿಟರ್ ಇಟ್ಟು ಗ್ರೌಂಡಿಗೆ ಕಟ್ಟಿದ್ದೆ. ಬೆಳಗ್ಗೆ ಅಂಗಡಿಯಲ್ಲೇ ಪೆಟ್ಟಿಗೆ ಹಚ್ಚಿದೆವು. ಹಾಡಿಲ್ಲ, ಗದ್ದಲ ಇಲ್ಲ. ಅಷ್ಟು ದೂರದ ಸಮುದ್ರದಿಂದ ತಾಂಡೇಲನ ದನಿ ಪಕ್ಕದಲ್ಲೇ ಕೂತ ಹಾಗೆ ಬಂತು. ನನಗೆ ಕಣ್ಣಲ್ಲಿ ನೀರೇ ಬಂತು, ಸುಳ್ಳು ಯಾಕೆ ಹೇಳಲಿ.

ಮನೆಯಲ್ಲಿ ದಿನಕ್ಕೆ ಎರಡು ಮಾತಾಡದ ಮನುಷ್ಯ ಇನ್ನೊಂದು ಬೋಟಿನವನಿಗೆ ಹೇಳುತ್ತಿದ್ದ: "ಹೊನ್ನಾವರಕ್ಕೇ ಬತ್ತೇವೆ. ಯಾರಾದ್ರೂ ಕೇಳಿದ್ರೆ ಭಟ್ಕಳ ಅನ್ನು. ಮನೆಯವಳು ಬಂದ್ರೆ ಒಳ್ಳೆ ಇಸ್ವಾಣ ಎಲ್ಲ ಬುಟ್ಟಿಗೇ ಹೋಗ್ತದೆ. ಇವತ್ತೂ ದೊಡ್ಡದು ಸುಟ್ಕಂಡು ತಿನ್ನುವಾ."

ಇವತ್ತೂ! ನಾನು ಅಕ್ಕನ ಮುಖ ನೋಡಲಿಲ್ಲ, ಧೈರ್ಯ ಸಾಲಲಿಲ್ಲ.

"ತಮಾ, ಇದ್ರಲ್ಲಿ ತಿರುಗಿ ಮಾತಾಡೂಕೆ ಬತ್ತದಾ?"

"ಇಲ್ಲ ಅಕ್ಕಾ, ಕೇಳೂಕೆ ಮಾತ್ರ."

"ಆತು," ಅಂದು ಬುಟ್ಟಿ ಎತ್ತಿಕೊಂಡಳು. ನಾನೂ ಅಂಗಡಿ ಬಾಗಿಲೆಳೆದು ಹಿಂದೆಯೇ ಓಡಿದೆ.

ಬೋಟು ದಕ್ಕೆಗೆ ತಾಗಿತು. ತಾಂಡೇಲ ಹಗ್ಗದ ತುದಿ ಹಿಡಿದು ಹಾರಿ ಇಳಿದ, ತಲೆ ಎತ್ತಿದರೆ ಎದುರಿಗೆ ಹೆಂಡತಿ. ಹಗ್ಗ ಕೈಯಿಂದ ಜಾರಿತು.

ಅಕ್ಕ ಬುಟ್ಟಿ ಕೆಳಗಿಟ್ಟು ಮೆಲ್ಲಗೆ ಅಂದಳು: "ಆ ತುದಿ ಮೊದ್ಲು ಗೂಟಕ್ಕೆ ಕಟ್ಟಿ. ಬಿಗೀಬೇಡಿ. ನಿಮ್ಮನ್ನ ಬಿಗಿಯೂದು ನಂಗೆ ಬಿಡಿ."

ಬೀಗರೂಟಕ್ಕೆ ಇಸ್ವಾಣ ಹೋಯಿತು. ಸುಡಲು ಒಂದೂ ಉಳಿಯಲಿಲ್ಲ.