ಶಿಲೆಗೆ ಬಿದ್ದ ಒಂದಕ್ಷರ

ಹಳೆಯ ಕಟ್ಟಡಗಳ ವರದಿ ಬರೆಯುವ ಸರ್ಕಾರಿ ಇಂಜಿನಿಯರ್ ನಾನು. ನಗುವಂಥ ಪ್ರಸಂಗಗಳಿಗೆ ನನಗೆ ಬರವಿಲ್ಲ. ನಗಲು ಮಾತ್ರ ಆಗುವುದಿಲ್ಲ. ಇವು ಮೂರೂ ಧಾರವಾಡದ ಒಂದೇ ಶಾಲೆಯವು. ಕಳೆದ ಶತಮಾನದ ಆರಂಭದಲ್ಲಿ ಇಂಗ್ಲಿಷರು ಕಟ್ಟಿಸಿದ ಕಲ್ಲಿನ ಶಾಲೆ ಅದು. ನಮ್ಮ ಮನೆತನದಲ್ಲಿ ಮೊದಲು ಅಕ್ಷರ ಕಲಿತವಳು ನಮ್ಮವ್ವ, ಕಲಿತದ್ದು ಅಲ್ಲಿಯೇ. ಅದನ್ನು ಹೇಗಾದರೂ ಉಳಿಸಬೇಕೆಂಬ ಹಟ ನನ್ನದು.

೧. ದೇವರ ಮಾಡ

ಇಂಗ್ಲೆಂಡಿನ ಚಳಿಗೆ ಬರೆದ ನಕ್ಷೆಯನ್ನೇ ಇಲ್ಲಿಗೂ ತಂದಿದ್ದರು. ಹೀಗಾಗಿ ಕೋಣೆಗೊಂದು ಬೆಂಕಿಗೂಡು, ಅದರ ಮೇಲೆ ಹೊಗೆ ಹೋಗಲು ಕೊಳವೆ. ನಾನು ಹೋದಾಗ ಶಾಲೆಯ ಹಿರಿಯ ಜವಾನರು ಆ ಗೂಡಿಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗುತ್ತಿದ್ದರು.

"ಕಾಕಾ, ಇದು ಇಂಗ್ಲಿಷರು ಚಳಿ ಕಾಸಾಕ ಮಾಡಿದ್ದು."

"ಏನ್ ಹೇಳ್ತೀರಿ ಸಾಹೇಬ್ರ! ಏಪ್ರಿಲ್‌ನ್ಯಾಗ ಇಲ್ಲಿ ಕುಂತು ನೋಡ್ರಿ, ಎಲ್ಲೈತಿ ಚಳಿ? ಭಾಳ ದೈವಭಕ್ತರು ಅವ್ರು. ಖೋಲಿಗೊಂದು ದೇವರ ಮಾಡ ಇಟ್ಟಾರ, ಊದಿನಕಡ್ಡಿ ಹೊಗಿ ಹೋಗಾಕ ಕಿಂಡಿನೂ ಬಿಟ್ಟಾರ."

ಮರುದಿನ ನಾನೂ ಚಪ್ಪಲಿ ಬಿಟ್ಟೇ ಒಳಗೆ ಹೋದೆ.

೨. ಕಲ್ಲಿನ ಲುಕ್

"ಕಲ್ಲನ್ನು ಮುಟ್ಟಬೇಡಿ" ಎಂದು ದುರಸ್ತಿಗೆ ಬಂದ ಗುತ್ತಿಗೆದಾರನಿಗೆ ಬರೆದುಕೊಟ್ಟಿದ್ದೆ. ವಾರ ಬಿಟ್ಟು ಹೋದರೆ ಇಡೀ ಶಾಲೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು.

"ಕಲ್ಲು ಬೆತ್ತಲೆ ಕಾಣ್ತಿದ್ವು ಸರ, ಬಣ್ಣ ಹೊಡಸೇವಿ," ಎಂದ ಗುತ್ತಿಗೆದಾರ.

ತಲೆಯ ಮೇಲೆ ಕೈ ಹೊತ್ತು ಕುಳಿತೆ. ಅವನಿಗೆ ಕನಿಕರ ಬಂತು. "ನಿಮಗ ಕಲ್ಲಿಂದ ಲುಕ್ ಬೇಕಿತ್ತೇನ್ರಿ? ಮೊದ್ಲ ಹೇಳಬಾರದ?"

ಸಂಜೆಯೊಳಗೆ ಆ ಗುಲಾಬಿ ಗೋಡೆಯ ತುಂಬ ಬಿಳಿ ಗೆರೆ ಎಳೆಸಿ, ಚೌಕ ಚೌಕವಾಗಿ ಕಲ್ಲು ಬಿಡಿಸಿಟ್ಟ.

೩. ಒಂದಕ್ಷರ

ಇನ್ನು ತಡಮಾಡಬಾರದೆಂದು ಮೇಲಿನ ಕಚೇರಿಗೆ ಕೈಯಾರೆ ಬರೆದೆ: "ಇದು ಶಿಲಾ ಕಟ್ಟಡ. ಕೂಡಲೇ ಕ್ರಮ ಕೈಗೊಳ್ಳಬೇಕು." ಆ ಕಚೇರಿಯಲ್ಲಿ ಶಾಲೆ ಎಂದರೆ ಮುಂದಿನ ಶಬ್ದ ಶಿಥಿಲವೇ. ಟೈಪ್ ಮಾಡುವವರ ಕೈಗೆ ಅದೇ ರೂಢಿ. ನನ್ನ 'ಶಿಲಾ' ಅಲ್ಲಿ 'ಶಿಥಿಲ' ಆಯಿತು. ಕ್ರಮವನ್ನೂ ಎಂದೂ ಇಲ್ಲದಷ್ಟು ಲಗುಬಗೆಯಿಂದ ಕೈಗೊಂಡರು. ನೆಲಸಮಕ್ಕೆ ಆದೇಶ ಬಂತು.

ಎದ್ದುಬಿದ್ದು ಓಡಿದೆ. "ಒಂದಕ್ಷರ ತಪ್ಪೈತ್ರಿ, ಇಡೀ ಸಾಲಿ ಕಟ್ಟಡಾನ ಹೋಗ್ತೈತಿ!"

ಗುಮಾಸ್ತರು ಕನ್ನಡಕ ಏರಿಸಿದರು. "ಗಾಬರಿ ಆಗಬ್ಯಾಡ್ರಿ. ತಿದ್ದುಪಡಿಗೆ ಅರ್ಜಿ ಕೊಡ್ರಿ. ಆದೇಶದ ದಾರಿ ಆದೇಶಕ್ಕ, ತಿದ್ದುಪಡಿ ದಾರಿ ತಿದ್ದುಪಡಿಗೆ."

ತಿದ್ದುಪಡಿ ಬಂತು, ಜೆಸಿಬಿ ಬಂದು ಹೋದ ಮೂರನೆಯ ವಾರ. ಬಯಲಿನಲ್ಲಿ ಕುಳಿತಿದ್ದ ಜವಾನ ಕಾಕಾಗೆ ಓದಿ ಹೇಳಿದೆ: "ಶಿಥಿಲ ಎಂಬುದನ್ನು ಶಿಲಾ ಎಂದು ಓದಿಕೊಳ್ಳತಕ್ಕದ್ದು." ಓದುವಾಗ ಅವ್ವ ನೆನಪಾದಳು.

ಕಾಕಾ ಎದುರಿನ ರಾಶಿಯನ್ನು ಒಮ್ಮೆ ನೋಡಿದರು.

"ಖರೇನ ಬರದಾರ ಬಿಡ್ರಿ ಸಾಹೇಬ್ರ. ಈಗ ಬರೇ ಶಿಲಾನ ಉಳದಾವ."